ಗುಳಿಗೆಯಿಂದ ಮರಳುವ ಮೈಬಲ

"ಎಚ್.ಐ.ವಿ. ಅಂದ್ರ ಮುಗೀತು" ಅನ್ನೋ ಮಾತು ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಇನ್ನೂ ಕಿವಿಗೆ ಬೀಳುತ್ತದೆ. ಸೋದರಿಯರೇ, ಆ ಕಾಲ ಹೋಯಿತು.

ನಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಸಿ.ಡಿ.4 ಎಂಬ ಬಿಳಿ ಕಣಗಳಿವೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಇವು ಸುಮಾರು 500ರಿಂದ 1500. ವೈರಸ್ಸು ಇವುಗಳ ಒಳಗೇ ಹೊಕ್ಕು, ಬೆಳೆದು, ಇವನ್ನೇ ಕೊಲ್ಲುತ್ತದೆ. ಎಣಿಕೆ 200ಕ್ಕಿಂತ ಇಳಿದರೆ ಕ್ಷಯ, ನ್ಯುಮೋನಿಯಾ ಸುಲಭವಾಗಿ ಮುತ್ತುತ್ತವೆ.

ಎ.ಆರ್.ಟಿ. ಗುಳಿಗೆ ವೈರಸ್ಸು ಬೆಳೆಯದಂತೆ ತಡೆಯುತ್ತದೆ. ಹೊಲದಾಗಿನ ಕರಕಿ ತಗದ್ರ ಪೀಕು ಚೇತರಿಸಿಕೊಳ್ಳೋ ಹಂಗ, ಸಿ.ಡಿ.4 ಕಣಗಳು ಮೆಲ್ಲಗೆ ಹೆಚ್ಚುತ್ತವೆ. ಆದರೆ ಕರಕಿಯ ಬೇರು ಒಳಗೇ ಇರ್ತದ. ಗುಳಿಗೆ ಬಿಟ್ಟರೆ ವೈರಸ್ಸು ಮತ್ತೆ ಚಿಗುರುತ್ತದೆ, ಔಷಧಕ್ಕೂ ಬಗ್ಗದಂತಾಗಬಹುದು. ಆದ್ದರಿಂದ ದಿನವೂ, ಹೊತ್ತಿಗೆ ಸರಿಯಾಗಿ, ಜೀವನಪೂರ್ತಿ ನುಂಗಬೇಕು.

ಶುರುವಿನ ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟು ಕಾಣಬಹುದು. ಬಲ ಬಂದ ಮೈ ಒಳಗೆ ಅಡಗಿದ್ದ ಕ್ಷಯದಂಥ ರೋಗದ ಮೇಲೆ ತಿರುಗಿ ಬೀಳುವ ಲಕ್ಷಣವಿರಬಹುದು. ಹೆದರಿ ಗುಳಿಗೆ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತೋರಿಸಿರಿ.

ಸರಕಾರ ಈ ಔಷಧವನ್ನು 2004ರಿಂದ ಪುಕ್ಕಟೆ ಕೊಡುತ್ತಿದೆ. ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲೂ ಎ.ಆರ್.ಟಿ. ಕೇಂದ್ರವಿದೆ. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಚಿಕಿತ್ಸೆ. ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ತಗ್ಗಿ ಹಾಗೇ ಉಳಿದರೆ ಗಂಡ-ಹೆಂಡಿರ ಕೂಟದಿಂದ ಹರಡದು. ಬಸುರಿ ಗುಳಿಗೆ ತಪ್ಪಿಸದಿದ್ದರೆ ಕೂಸಿಗೆ ತಗಲುವ ಸಂಭವವೂ ಬಹಳ ಕಡಿಮೆ.

ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಮೈಗೆ ಒಳ್ಳೆಯವೇ, ಆದರೆ ಗುಳಿಗೆಗೆ ಬದಲಲ್ಲ. ಒಂದೇ ತಾಟಿನಲ್ಲಿ ಉಂಡರೆ ಈ ರೋಗ ಅಂಟುವುದಿಲ್ಲ. ಮನೆಯ ಸೊಸಿ ಗುಳಿಗೆಯನ್ನು ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುವಂತಾದರೆ, ಒಂದಿಲ್ಲೊಂದು ದಿನ ತಪ್ಪಿಯೇ ತಪ್ಪುತ್ತದೆ. ಆಕೆಗೆ ಹೊತ್ತಿಗೆ ನೆನಪು ಮಾಡಿ, ಒಂದು ತಂಬಿಗೆ ನೀರು ಕೊಡುವ ಅತ್ತಿಯೂ ಔಷಧವೇ ಅಲ್ಲವೇ?