ಜಲ್ಲಿಗಣಿಗಳ ಭೂಪುನಶ್ಚೇತನ ಮತ್ತು ಜಲನಿರ್ವಹಣೆ

ಜಲ್ಲಿಗಣಿಗಳ ಭೂಪುನಶ್ಚೇತನ ಎಂದರೆ ಮರಳು ಮತ್ತು ಉರುಟುಗಲ್ಲುಗಳನ್ನು ಅಗೆದು ತೆಗೆದ ನೆಲವನ್ನು ಕೃಷಿ, ಕೆರೆ, ಜೌಗುಭೂಮಿ ಅಥವಾ ಬೇರೊಂದು ಉಪಯೋಗಕ್ಕೆ ಮರಳಿ ಒದಗಿಸುವ ಕಾರ್ಯ. ಇಲ್ಲಿ ಜಲ್ಲಿ ಎಂಬ ಪದವು ನದಿಗಳು ಸಾವಿರಾರು ವರ್ಷಗಳಿಂದ ಹೊತ್ತು ತಂದು ಬಯಲಿನಲ್ಲಿ ಹರಡಿದ ನೈಸರ್ಗಿಕ ಕಲ್ಲುಗಳನ್ನು ಸೂಚಿಸುತ್ತದೆ; ಬಂಡೆಯನ್ನು ಸಿಡಿಸಿ ಕ್ರಷರ್‌ನಲ್ಲಿ ಒಡೆದ ಜಲ್ಲಿಯನ್ನಲ್ಲ. ನದಿಬಯಲಿನ ಜಲ್ಲಿಪದರದಲ್ಲಿ ಅಂತರ್ಜಲವು ನೆಲಕ್ಕೆ ತೀರ ಸಮೀಪದಲ್ಲಿರುವುದರಿಂದ ಗಣಿಯು ಬಹುಪಾಲು ಕೆರೆಯಾಗಿಯೇ ಕೊನೆಗೊಳ್ಳುತ್ತದೆ. ಆ ಕೆರೆ ಯಾವ ಬಗೆಯದು ಎಂಬುದು ಅಗೆತ ಮುಗಿದ ಮೇಲೆ ನಿರ್ಧಾರವಾಗುವ ವಿಷಯವಲ್ಲ, ಮೊದಲ ಬುಟ್ಟಿ ಮಣ್ಣು ತೆಗೆಯುವ ಮುನ್ನವೇ ಯೋಜನೆಯಲ್ಲಿ ನಿಶ್ಚಯವಾಗಬೇಕಾದುದು.

ಮಣ್ಣಿನ ಸಂರಕ್ಷಣೆ

ಮೇಲ್ಮಣ್ಣು ಮತ್ತು ಅಡಿಮಣ್ಣುಗಳನ್ನು ಪ್ರತ್ಯೇಕವಾಗಿ ತೆಗೆದು ಪ್ರತ್ಯೇಕ ದಿಬ್ಬಗಳಲ್ಲಿ ಇಡಲಾಗುತ್ತದೆ. ಮಣ್ಣು ಒಣಗಿರುವ ಕಾಲದಲ್ಲಿ ಮಾತ್ರ ಈ ಕೆಲಸ ನಡೆಯಬೇಕು. ಹಸಿಮಣ್ಣಿನ ಮೇಲೆ ಭಾರೀ ಯಂತ್ರಗಳು ಓಡಾಡಿದರೆ ಮಣ್ಣಿನ ಕಣಗಳ ನಡುವಿನ ಗಾಳಿಯ ಎಡೆಗಳು ಮುಚ್ಚಿ, ಮುಂದೆ ಅದರಲ್ಲಿ ನೀರು ಇಂಗದು, ಬೇರೂ ಇಳಿಯದು. ಒಂದು ಭಾಗದಲ್ಲಿ ಅಗೆತ ಸಾಗುತ್ತಿರುವಾಗಲೇ ಹಿಂದಿನ ಭಾಗವನ್ನು ಸರಿಪಡಿಸುತ್ತ ಹೋಗುವುದು ಉತ್ತಮ ಕ್ರಮ. ಇದರಿಂದ ಮಣ್ಣನ್ನು ದಿಬ್ಬದಲ್ಲಿ ಹಲವು ವರ್ಷ ಕೊಳೆಹಾಕದೆ ನೇರವಾಗಿ ಹೊಸ ಜಾಗಕ್ಕೆ ಹರಡಬಹುದು. ಗಣಿಯ ಒಡೆಯ ದಿವಾಳಿಯಾದರೂ ಪಾಳುಬೀಳುವ ನೆಲ ಕಡಿಮೆ ಇರುತ್ತದೆ.

ಜಲನಿರ್ವಹಣೆ

ಜಲ್ಲಿಯನ್ನು ಎರಡು ರೀತಿಯಲ್ಲಿ ತೆಗೆಯುತ್ತಾರೆ. ಪಂಪಿನಿಂದ ನೀರನ್ನು ಹೊರಹಾಕಿ ಒಣನೆಲದಲ್ಲಿ ಅಗೆಯುವುದು ಒಂದು. ಇದರಲ್ಲಿ ಕೆರೆಯ ತಳ ಮತ್ತು ದಂಡೆಗಳನ್ನು ಬೇಕಾದಂತೆ ರೂಪಿಸಬಹುದು. ಆದರೆ ಸುತ್ತಲಿನ ಅಂತರ್ಜಲವು ಗಣಿಯ ಕಡೆಗೆ ಇಳಿಯುವುದರಿಂದ ನೆರೆಹೊರೆಯ ಬಾವಿಗಳೂ ಜೌಗುಗಳೂ ಬತ್ತುವ ಭಯವಿದೆ. ಹೊರತೆಗೆದ ನೀರನ್ನು ಗಣಿಯ ಅಂಚಿನ ಕಾಲುವೆಗಳಲ್ಲಿ ಹರಿಸಿ ಮತ್ತೆ ಇಂಗಿಸುವುದು ಇದಕ್ಕೆ ಪರಿಹಾರ. ನೀರನ್ನು ಹಾಗೆಯೇ ಬಿಟ್ಟು ಯಂತ್ರದ ಬುಟ್ಟಿಯಿಂದ ಜಲ್ಲಿಯನ್ನು ಎತ್ತುವುದು ಇನ್ನೊಂದು. ಬಾವಿಗಳಿಗೆ ಇದರಿಂದ ತೊಂದರೆ ಕಡಿಮೆ. ಆದರೆ ನೀರಿನಡಿಯ ತಳವನ್ನು ಕಣ್ಣಳತೆಯಲ್ಲಿ ರೂಪಿಸುವುದು ಕಷ್ಟ.

ಯೋಜಕರು ಅನೇಕ ವೇಳೆ ಮರೆಯುವ ಸಂಗತಿಯೊಂದಿದೆ. ನೆಲದೊಳಗಿನ ಜಲಮಟ್ಟವು ಸಮತಲವಲ್ಲ. ನದಿಯತ್ತ ಓರೆಯಾಗಿ ಇಳಿಯುತ್ತಿರುತ್ತದೆ. ಕೆರೆಯ ನೀರಾದರೋ ಸಮತಲವಾಗಿ ನಿಲ್ಲುತ್ತದೆ. ಹೀಗಾಗಿ ಕೆರೆಯ ಮೇಲ್ಬದಿಯಲ್ಲಿ ಅಂತರ್ಜಲ ಕುಸಿದರೆ, ಕೆಳಬದಿಯಲ್ಲಿ ಅದು ಏರಿ ಹೊಲಗಳು ಜವುಳಾಗುತ್ತವೆ. ಹರಿವಿನ ದಿಕ್ಕಿಗೆ ಉದ್ದವಾಗಿರುವ ಒಂದೇ ದೊಡ್ಡ ಹೊಂಡಕ್ಕಿಂತ, ನಡುವೆ ಅಗೆಯದ ನೆಲವನ್ನು ಬಿಟ್ಟು ಮೆಟ್ಟಿಲಿನಂತೆ ಜೋಡಿಸಿದ ಸಣ್ಣ ಕೆರೆಗಳೇ ಮೇಲು ಎನ್ನುವುದು ಈ ಕಾರಣದಿಂದ. ಹೊಂಡವನ್ನು ಜೇಡಿಮಣ್ಣಿನಂಥ ಬಿಗಿಯಾದ ವಸ್ತುವಿನಿಂದ ತುಂಬಿ ಹೊಲವಾಗಿಸಿದಾಗಲೂ ಅಂತರ್ಜಲದ ದಾರಿಗೆ ಅಡ್ಡಗಟ್ಟೆ ಹಾಕಿದಂತಾಗುತ್ತದೆ. ಅಗೆತಕ್ಕೆ ಮುನ್ನ ವೀಕ್ಷಣಾ ಬಾವಿಗಳಲ್ಲಿ ಕನಿಷ್ಠ ಒಂದು ವರ್ಷವಾದರೂ, ಮಳೆಗಾಲ ಬೇಸಿಗೆಗಳೆರಡರಲ್ಲೂ, ಜಲಮಟ್ಟವನ್ನು ಅಳೆದಿಡದಿದ್ದರೆ ಮುಂದೆ ಯಾರ ಬಾವಿ ಯಾವುದರಿಂದ ಬತ್ತಿತೆಂದು ತೀರ್ಮಾನಿಸಲು ಆಧಾರವೇ ಇರುವುದಿಲ್ಲ.

ಜಲ್ಲಿ ತೊಳೆದ ನೀರಿನಲ್ಲಿ ನಯವಾದ ಹೂಳು ತೇಲುತ್ತಿರುತ್ತದೆ. ಅದನ್ನು ಹೊಂಡಗಳಲ್ಲಿ ನಿಲ್ಲಿಸಿ, ತಿಳಿಯಾದ ನೀರನ್ನೇ ಮತ್ತೆ ತೊಳೆಯಲು ಬಳಸುತ್ತಾರೆ. ತುಂಬಿದ ಹೂಳುಹೊಂಡದ ಮೇಲ್ಮೈ ಗಟ್ಟಿನೆಲದಂತೆ ಕಂಡರೂ ಕಾಲಿಟ್ಟವರನ್ನು ಒಳಗೆ ಎಳೆದುಕೊಳ್ಳಬಲ್ಲದು. ಅಲ್ಲಿ ಜೊಂಡು ಬೆಳೆಸುವುದು ರೂಢಿ.

ಇಂಗ್ಲೆಂಡಿನ ನಿದರ್ಶನಗಳು

ಕೆಂಟ್ ಪ್ರಾಂತ್ಯದ ಸೆವೆನೋಕ್ಸ್‌ನಲ್ಲಿ ವೈದ್ಯರೂ ಪಕ್ಷಿತಜ್ಞರೂ ಆಗಿದ್ದ ಜೆಫ್ರಿ ಹ್ಯಾರಿಸನ್ 1956ರಲ್ಲಿ ಜಲ್ಲಿಹೊಂಡಗಳನ್ನು ನೀರುಹಕ್ಕಿಗಳ ನೆಲೆಯಾಗಿಸುವ ಕೆಲಸಕ್ಕೆ ತೊಡಗಿದರು. ಬಾತುಗಳ ಜಠರವನ್ನು ಪರೀಕ್ಷಿಸಿ, ಅವು ತಿನ್ನುವ ಬೀಜಗಳ ಗಿಡಗಳನ್ನೇ ದಂಡೆಯಲ್ಲಿ ನೆಡಿಸಿದ್ದು ಅವರ ವಿಶೇಷ. ಆಳವಿಲ್ಲದ ಅಂಚು ಮತ್ತು ನಡುಗಡ್ಡೆಗಳ ಮಹತ್ವವೂ ಈ ಪ್ರಯೋಗದಿಂದ ಮನವರಿಕೆಯಾಯಿತು.

ಥೇಮ್ಸ್ ನದಿಯ ಮೇಲ್ಕಣಿವೆಯಲ್ಲಿ, ಗ್ಲಾಸ್ಟರ್‌ಶೈರ್ ಮತ್ತು ವಿಲ್ಟ್‌ಶೈರ್ ಪ್ರಾಂತ್ಯಗಳ ಗಡಿಯಲ್ಲಿ ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್ ಇದೆ. ಹೆಸರು ಕೇಳಿ ಜಾರುಬಂಡೆಗಳ ವಿಹಾರಸ್ಥಳವೆಂದು ಭಾವಿಸಬಾರದು. ಇದು ಜಲ್ಲಿ ತೆಗೆದುದರಿಂದ ಉಂಟಾದ 150ಕ್ಕೂ ಹೆಚ್ಚು ಕೆರೆಗಳ ಸಮೂಹ. ಸುಣ್ಣಕಲ್ಲಿನ ಜಲ್ಲಿಪದರವು ಇಲ್ಲಿ ಕೆಲವೇ ಮೀಟರ್ ದಪ್ಪವಿದ್ದು ಅದರ ಅಡಿಯಲ್ಲಿ ಜೇಡಿಪದರವಿದೆ. ಸುಣ್ಣದ ಅಂಶದಿಂದಾಗಿ ಕೆರೆಗಳ ನೀರು ತಿಳಿಯಾಗಿದ್ದು, ಚಳಿಗಾಲದಲ್ಲಿ ಬಾತುಗಳು ಗುಂಪುಗುಂಪಾಗಿ ಬರುತ್ತವೆ. 2021ರಲ್ಲಿ ಇದನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಗುರುತಿಸಲಾಯಿತು. ಸಮೀಪದಲ್ಲಿಯೇ ಫೇರ್‌ಫರ್ಡ್ ವಾಯುನೆಲೆ ಇರುವುದರಿಂದ, ಹಕ್ಕಿಗಳಿಗೆ ಹಿತವಾದ ಹೊಸ ಕೆರೆಯು ವಿಮಾನಗಳಿಗೆ ಅಪಾಯವಾಗದೇ ಎಂಬ ಪ್ರಶ್ನೆಯನ್ನೂ ಯೋಜನೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

ಕಾನೂನು

ಬ್ರಿಟನ್ನಿನಲ್ಲಿ 1981ರ ಖನಿಜ ಕಾಯಿದೆಯು, ನೆಲವನ್ನು ಸರಿಪಡಿಸಿದ ನಂತರವೂ ಸಾಮಾನ್ಯವಾಗಿ 5 ವರ್ಷ ಅದರ ಪಾಲನೆಯನ್ನು ಗಣಿಗಾರನ ಹೊಣೆಯಾಗಿಸಲು ಅವಕಾಶ ಕಲ್ಪಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975ರ ಕಾಯಿದೆಯಂತೆ ಪುನಶ್ಚೇತನ ಯೋಜನೆ ಕಡ್ಡಾಯ. ಗಣಿಗಾರ ಕೈಬಿಟ್ಟರೂ ಕೆಲಸ ನಿಲ್ಲದಂತೆ ಹಣದ ಭದ್ರತೆಯನ್ನೂ ಕೊಡಬೇಕು. ಭಾರತದಲ್ಲಿ ಜಲ್ಲಿ ಮತ್ತು ಮರಳು ಉಪಖನಿಜಗಳಾಗಿದ್ದು ನಿಯಮ ರಚಿಸುವ ಅಧಿಕಾರ ರಾಜ್ಯಗಳದು; ಕರ್ನಾಟಕದಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ. 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಆದೇಶಿಸಿತು.

ಕರ್ನಾಟಕದ ಕಲ್ಲುಕ್ವಾರಿಗಳು

ಗಟ್ಟಿಬಂಡೆಯ ಕ್ವಾರಿಗಳ ಸಮಸ್ಯೆ ಬೇರೆ ಬಗೆಯದು. ಅವುಗಳ ಗೋಡೆ ಕಡಿದಾಗಿಯೂ ಹೊಂಡ ಆಳವಾಗಿಯೂ ಇರುವುದರಿಂದ, ಮಳೆನೀರು ತುಂಬಿದ ಪಾಳುಕ್ವಾರಿಗೆ ಈಜಲು ಇಳಿದ ಮಕ್ಕಳಿಗೆ ಮರಳಿ ಹತ್ತಲು ಹಿಡಿತವೇ ಸಿಗುವುದಿಲ್ಲ. ಇಂಥ ಸಾವುಗಳ ಸುದ್ದಿ ಬೇಸಿಗೆ ರಜೆಯಲ್ಲಿ ಪದೇ ಪದೇ ಬರುತ್ತದೆ. ಬೆಂಗಳೂರಿನ ಉತ್ತರದ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಗಳ ಕ್ವಾರಿಗಳು ನಗರದ ಕಸ ತುಂಬುವ ಹೊಂಡಗಳಾದವು. ಕಸದಿಂದ ಇಳಿಯುವ ದ್ರವವು ಬಂಡೆಯ ಬಿರುಕುಗಳ ಮೂಲಕ ಬಾವಿಗಳನ್ನು ಸೇರದಂತೆ ತಳ ಮತ್ತು ಗೋಡೆಗಳಿಗೆ ಹೊದಿಕೆ ಹಾಕಬೇಕಾಗುತ್ತದೆ, ಆದರೆ ಸಿಡಿಸಿದ ಬಂಡೆಯ ಒರಟು ಮೈಗೆ ಅದನ್ನು ಹರಿಯದಂತೆ ಕೂರಿಸುವುದು ಸುಲಭವಲ್ಲ. ಕ್ವಾರಿಯ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಒಂದು ಬದಿಯಲ್ಲಿ ದನಕರುಗಳೂ ಇಳಿದು ಹತ್ತಬಲ್ಲ ಇಳಿಜಾರನ್ನು ಉಳಿಸುವುದು ಕಲ್ಲು ತೆಗೆಯುತ್ತಿರುವಾಗ ಸುಲಭಸಾಧ್ಯ. ನೀರು ತುಂಬಿದ ಮೇಲೆ ಬೇಲಿ ಹಾಕುವುದಷ್ಟೇ ಉಳಿಯುತ್ತದೆ.