ವಿದ್ಯುತ್ ಕಾರಿನ ದೂರಪ್ರಯಾಣ ಮತ್ತು ಸಾರಥಿಯ ಹೊಣೆ

ವಿದ್ಯುಚ್ಛಕ್ತಿಗೂ ನಮ್ಮ ಜಿಲ್ಲೆಗೂ ಇರುವ ನಂಟು ಹಳೆಯದು. 1948ರಲ್ಲಿ ಜೋಗದ ವಿದ್ಯುದಾಗಾರವು ನಾಡಿಗೆ ಸಮರ್ಪಿತವಾಯಿತು. 1964ರಿಂದ ಲಿಂಗನಮಕ್ಕಿಯ ನೀರು ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸತೊಡಗಿತು. ಮಲೆನಾಡಿನ ಇದ್ದಿಲನ್ನು ನೆಚ್ಚಿ 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಭದ್ರಾವತಿಯ ಕಾರ್ಖಾನೆಯು ಮುಂದೆ ಜೋಗದ ವಿದ್ಯುತ್ತಿನಿಂದಲೂ ಕುಲುಮೆಗಳನ್ನು ನಡೆಸಿತು. ಅದೇ ವಿದ್ಯುತ್ತು ಇಂದು ಮೋಟಾರು ಕಾರುಗಳನ್ನೂ ಓಡಿಸುತ್ತಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಬೆಂಗಳೂರಿನಿಂದ ಇಂತಹ ಕಾರುಗಳಲ್ಲಿಯೇ ಊರಿಗೆ ಬರುವ ಕಾಲವಿದು. ಅವುಗಳಲ್ಲಿ ಕೆಲವು, ಚಾಲಕನಿಗೆ ನೆರವಾಗುವ ಉಪಕರಣಗಳನ್ನೂ ಹೊಂದಿವೆ. ಈ ಎರಡು ಹೊಸತುಗಳು ದೂರಪ್ರಯಾಣದಲ್ಲಿ ಏನನ್ನು ಕೊಡುತ್ತವೆ, ಏನನ್ನು ಕೊಡಲಾರವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಿದ್ಯುತ್ ಕಾರು ಕನ್ನಡ ನಾಡಿಗೆ ಅಪರಿಚಿತವೇನಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಾಹಸದಿಂದ ‘ರೇವಾ’ ಎಂಬ ಪುಟ್ಟ ಕಾರು ಬೀದಿಗಿಳಿಯಿತು. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಹೊತ್ತ ಅದು ಪೇಟೆಯೊಳಗಿನ ಓಡಾಟಕ್ಕೆ ತಕ್ಕುದಾಗಿತ್ತೇ ಹೊರತು ಶಿವಮೊಗ್ಗದವರೆಗಿನ ಪಯಣಕ್ಕಲ್ಲ. ಹಗುರವಾಗಿದ್ದು ಹೆಚ್ಚು ಶಕ್ತಿಯನ್ನು ಹಿಡಿದಿಡಬಲ್ಲ ಲಿಥಿಯಂ-ಅಯಾನ್ ಬ್ಯಾಟರಿಯು ಕಾರುಗಳಿಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಆ ಬ್ಯಾಟರಿಯನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಕರ್ನಾಟಕವೇ. ಅದು 2017ರ ಮಾತು.

ಇನ್ನು ಲೆಕ್ಕಕ್ಕೆ ಬರೋಣ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್. ಮಧ್ಯಮ ಗಾತ್ರದ ಕಾರೊಂದರ ಬ್ಯಾಟರಿಯಲ್ಲಿ 45 ಯೂನಿಟ್ ವಿದ್ಯುತ್ತು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ನಮ್ಮ ಮನೆಯ ಬಿಲ್ಲಿನಲ್ಲಿ ಕಾಣುವ ಯೂನಿಟ್ಟೇ ಇದು. ಹೆದ್ದಾರಿಯಲ್ಲಿ ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ದೊರೆತರೆ ಒಟ್ಟು ದೊರೆಯುವುದು 290 ಕಿಲೋಮೀಟರ್. ಅಂದರೆ ತುಂಬಿದ ಬ್ಯಾಟರಿಯೊಡನೆ ಹೊರಟರೂ ಕಾರು ಭದ್ರಾವತಿಯನ್ನು ದಾಟಿ ಶಿವಮೊಗ್ಗದ ಹೊರವಲಯದಲ್ಲಿ ನಿಂತೀತು! ಆದುದರಿಂದ ದಾರಿಯಲ್ಲಿ ಒಮ್ಮೆಯಾದರೂ ವಿದ್ಯುತ್ ತುಂಬಿಸಿಕೊಳ್ಳುವುದು ಅನಿವಾರ್ಯ.

ಈ ಲೆಕ್ಕವನ್ನು ಮೇಲುಕೆಳಗು ಮಾಡುವ ಸಂಗತಿಗಳು ಎರಡು. ಮೊದಲನೆಯದು ವೇಗ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವರು ಊಹಿಸಬಲ್ಲರು. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ಆ ಪ್ರತಿರೋಧವು ಒಂದೂವರೆ ಪಾಲಿಗೂ ಮೀರುತ್ತದೆ. ಎರಡನೆಯದು ಏರಿಳಿತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ ಸುಮಾರು 570 ಮೀಟರ್. ಜನರೂ ಸೇರಿ 1,800 ಕಿಲೋಗ್ರಾಂ ತೂಗುವ ಕಾರನ್ನು 350 ಮೀಟರ್ ಮೇಲಕ್ಕೆತ್ತಲು ಹೆಚ್ಚುಕಡಿಮೆ 1.7 ಯೂನಿಟ್ ಬೇಕು. ಆದುದರಿಂದ ಊರಿಗೆ ಬರುವಾಗ ಆಗುವ ಖರ್ಚಿಗಿಂತ ಹಿಂದಿರುಗುವಾಗಿನ ಖರ್ಚು ತುಸು ಹೆಚ್ಚು. ಇಳಿಜಾರಿನಲ್ಲಿ ಈ ಕಾರಿಗೆ ಒಂದು ವಿಶೇಷ ಗುಣವುಂಟು. ಕಾಲನ್ನು ವೇಗವರ್ಧಕದಿಂದ ತೆಗೆದೊಡನೆ ಮೋಟಾರೇ ಡೈನಮೋ ಆಗಿ, ಚಕ್ರಗಳ ಓಟವನ್ನು ತಡೆಯುತ್ತ, ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಆಗುಂಬೆ ಘಟ್ಟದ ತಿರುವುಗಳನ್ನು ಇಳಿಯುವಾಗ ಪೆಟ್ರೋಲ್ ಕಾರಿನ ಬ್ರೇಕು ಬಿಸಿಯಾಗಿ ವ್ಯರ್ಥಗೊಳಿಸುವ ಶಕ್ತಿಯಲ್ಲಿ ಒಂದು ಭಾಗ ಇಲ್ಲಿ ಉಳಿತಾಯವಾಗುತ್ತದೆ.

ವಿದ್ಯುತ್ ತುಂಬಿಸಲು ಎಷ್ಟು ಹೊತ್ತು? ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಸುಮಾರು 14 ಗಂಟೆ. ಅಂದರೆ ಒಂದು ಇಡೀ ರಾತ್ರಿ. ಹೆದ್ದಾರಿಯ ಶೀಘ್ರ ಚಾರ್ಜರಿನಿಂದಾದರೆ ಐದರಲ್ಲಿ ಒಂದು ಪಾಲಿನಿಂದ ನಾಲ್ಕು ಪಾಲಿನವರೆಗೆ ತುಂಬಲು ಮುಕ್ಕಾಲು ಗಂಟೆಯ ಆಸುಪಾಸು. ಅದರಿಂದ ಮೇಲೆ ಬ್ಯಾಟರಿಯು ತನ್ನ ರಕ್ಷಣೆಗಾಗಿ ನಿಧಾನವಾಗಿ ಸ್ವೀಕರಿಸುವುದರಿಂದ ಕಾದು ಕುಳಿತು ಪೂರ್ತಿ ತುಂಬಿಸುವುದು ಜಾಣತನವಲ್ಲ. ಚಾರ್ಜರು ಕೆಟ್ಟಿರಬಹುದು, ಕರೆಂಟು ಹೋಗಿರಬಹುದು, ಮುಂದೆ ಇಬ್ಬರು ಕಾದಿರಬಹುದು. ಎಂದೇ ಎರಡನೆಯ ಸ್ಥಳವೊಂದನ್ನು ಗುರುತಿಸಿಟ್ಟುಕೊಂಡೇ ಹೊರಡಬೇಕು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ಮೋಟಾರು ಕಾರಿನ ಮೊದಲ ದೂರಪ್ರಯಾಣವನ್ನು ಕೈಗೊಂಡಾಗ ಇಂಧನಕ್ಕಾಗಿ ಔಷಧಿ ಅಂಗಡಿಯ ಬಾಗಿಲು ತಟ್ಟಬೇಕಾಯಿತು. ಹೊಸ ವಾಹನವು ಬಂದಾಗಲೆಲ್ಲ ದಾರಿಯ ಸೌಕರ್ಯ ಅದರ ಹಿಂದೆಯೇ ಬರಬೇಕಷ್ಟೆ. ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆಯನ್ನಿಡುವುದು ನಮ್ಮ ನಾಡಿನ ವಾಡಿಕೆ. ಸಭಾಭವನ, ಛತ್ರ, ವಿದ್ಯಾರ್ಥಿನಿಲಯಗಳ ಅಂಗಳದಲ್ಲಿ ಭೂಸಂಪರ್ಕ ಸರಿಯಾಗಿರುವ ಸಾಕೆಟ್ಟೊಂದನ್ನು ಇಡಿಸುವುದೂ ಅಂತಹುದೇ ಉಪಕಾರವೆಂಬುದನ್ನು ದಾನಿಗಳು ಗಮನಿಸಬಹುದು.

ಚಾಲಕನಿಗೆ ನೆರವಾಗುವ ಉಪಕರಣಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಇದರ ಮೂಲವು ಅಮೆರಿಕದ ರಾಲ್ಫ್ ಟೀಟರ್ ಎಂಬ ಇಂಜಿನಿಯರರ ವೇಗನಿಯಂತ್ರಕ. ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರಿಗೆ 1950ರಲ್ಲಿ ಅದರ ಪೇಟೆಂಟು ದೊರೆಯಿತು; 1958ರಲ್ಲಿ ಅದು ಕಾರುಗಳಿಗೆ ಬಂದಿತು. ಇಂದಿನ ಕಾರು ಇನ್ನೂ ಮುಂದುವರಿದಿದೆ. ಅದರ ರೇಡಾರ್ ಮುಂದಿನ ವಾಹನದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಕ್ಯಾಮೆರಾ ರಸ್ತೆಯ ಬಿಳಿಯ ಗೆರೆಗಳನ್ನು ಓದುತ್ತದೆ. ಗಣಕವು ಇವೆರಡನ್ನೂ ಹೊಂದಿಸಿ ಅಂತರವನ್ನು ಕಾಯುತ್ತದೆ, ಗೆರೆಗಳ ನಡುವೆ ಕಾರನ್ನು ಹಿಡಿಯುತ್ತದೆ, ಡಿಕ್ಕಿಯ ಭಯ ಕಂಡರೆ ತಾನೇ ಬ್ರೇಕು ಹಾಕುತ್ತದೆ. ಯಾಂತ್ರಿಕ ಚಾಲನೆಯನ್ನು ತಜ್ಞರು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿದ್ದಾರೆ. ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಇಂತಹ ಕಾರುಗಳು ಒಂದನೆಯ ಅಥವಾ ಎರಡನೆಯ ಹಂತದವು. ಈ ಹಂತಗಳಲ್ಲಿ ಸಾರಥ್ಯವು ಪೂರ್ಣವಾಗಿ ಮನುಷ್ಯನದೇ. ಯಂತ್ರವು ಸಹಾಯಕ ಮಾತ್ರ.

ಇದನ್ನು ಒತ್ತಿ ಹೇಳಲು ಕಾರಣವುಂಟು. ಗೆರೆಗಳು ಅಳಿಸಿಹೋದ ಅಥವಾ ಅಗಲೀಕರಣದ ಕಾಮಗಾರಿ ನಡೆದಿರುವ ರಸ್ತೆಯಲ್ಲಿ ಕ್ಯಾಮೆರಾಕ್ಕೆ ಓದಲು ಏನೂ ಇರುವುದಿಲ್ಲ. ಮಲೆನಾಡಿನ ಮಳೆ ಮತ್ತು ಮಂಜು ಅದರ ಕಣ್ಣನ್ನು ಮಬ್ಬಾಗಿಸುತ್ತವೆ. ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡಿದ ರಾಗಿಯ ತೆನೆ, ಬಣ್ಣ ಬಳಿಯದ ಉಬ್ಬು, ತಟ್ಟನೆ ಅಡ್ಡ ಬರುವ ದನ, ಹಿಂದಿನ ದೀಪವಿಲ್ಲದೆ ಹುಲ್ಲು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್, ಎದುರುದಿಕ್ಕಿನಲ್ಲಿ ಬರುವ ಬೈಕು ಇವೆಲ್ಲವನ್ನೂ ಯಂತ್ರವು ಸರಿಯಾಗಿ ಗುರುತಿಸುವುದೆಂಬ ಭರವಸೆಯಿಲ್ಲ. ವೇಗದಲ್ಲಿರುವಾಗ ದಾರಿಯಲ್ಲಿ ನಿಂತೇ ಇರುವ ವಾಹನವನ್ನು ಅದು ಗಮನಿಸದಿರಬಹುದೆಂದು ತಯಾರಕರೇ ತಮ್ಮ ಕೈಪಿಡಿಗಳಲ್ಲಿ ಎಚ್ಚರಿಸಿರುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ದೂರವಾಣಿಯ ಸಂದೇಶವನ್ನು ನೋಡಲು ಮೂರು ಸೆಕೆಂಡು ತಲೆತಗ್ಗಿಸಿದವನು 66 ಮೀಟರ್ ದಾರಿಯನ್ನು ಕಣ್ಣುಮುಚ್ಚಿ ಕ್ರಮಿಸಿದಂತೆಯೇ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿಯೇ ಕಾರ್ಖಾನೆಗಳ ಸ್ವಯಂಚಾಲಿತ ಯಂತ್ರಗಳನ್ನು ಕುರಿತು ಒಂದು ವಿಪರ್ಯಾಸವನ್ನು ತೋರಿಸಿಕೊಟ್ಟರು. ಸುಲಭದ ಕೆಲಸಗಳನ್ನೆಲ್ಲ ಯಂತ್ರವು ವಹಿಸಿಕೊಂಡಾಗ ಮನುಷ್ಯನಿಗೆ ಉಳಿಯುವುದು ಅತ್ಯಂತ ಕಠಿಣವಾದ ಕ್ಷಣವೊಂದೇ. ಆ ಕ್ಷಣ ಬಂದಾಗ ಅವನ ಅಭ್ಯಾಸ ತಪ್ಪಿರುತ್ತದೆ, ಗಮನ ಜಾರಿರುತ್ತದೆ. ತಿಪಟೂರು, ಅರಸೀಕೆರೆಗಳ ನಡುವಣ ನೇರ ರಸ್ತೆಯಲ್ಲಿ ನೆಮ್ಮದಿಯಾಗಿ ಕುಳಿತ ಚಾಲಕನಿಗೂ ಈ ಮಾತು ಅನ್ವಯಿಸುತ್ತದೆ. 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು. ಯಂತ್ರದ ನೆರವು ಈ ಸಂಖ್ಯೆಯನ್ನು ತಗ್ಗಿಸಬಲ್ಲುದು. ಆದರೆ ನೆರವನ್ನೇ ಸಾರಥಿಯೆಂದು ಬಗೆದರೆ ಅದಕ್ಕೆ ಒಂದನ್ನು ಕೂಡಿಸಲೂಬಲ್ಲುದು.

ಹೀಗಿರಲು ದೂರದಿಂದ ಬರುವವರು ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಬ್ಯಾಟರಿಯಲ್ಲಿ ಐದರಲ್ಲೊಂದು ಪಾಲು ಉಳಿದಿರುವಾಗಲೇ ಚಾರ್ಜರನ್ನು ತಲುಪಬೇಕು. ಆ ಮುಕ್ಕಾಲು ಗಂಟೆಯನ್ನು ಬೇಸರವೆಂದೆಣಿಸದೆ ದೇಹಕ್ಕೆ ವಿಶ್ರಾಂತಿಯೆಂದು ಬಳಸಬೇಕು. ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ ಇರಲೇಬೇಕು. ತರೀಕೆರೆ ದಾಟಿ ಮಳೆ ಹಿಡಿದುಕೊಂಡರೆ ನೆರವಿನ ಉಪಕರಣವನ್ನು ನಿಲ್ಲಿಸಿ ತಾನೇ ನಡೆಸುವುದು ಲೇಸು. ಸಮಾರಂಭ ಮುಗಿದ ರಾತ್ರಿ ನಿದ್ದೆಗಣ್ಣಿನಲ್ಲಿ ‘ಕಾರೇ ನೋಡಿಕೊಳ್ಳುತ್ತದೆ’ ಎಂದು ಯಾರೂ ಹೊರಡಕೂಡದು. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಬಂಧುಗಳ ಮನೆಯಲ್ಲಿ ತಂಗಿದರೆ ಬೆಳಗಾಗುವುದರೊಳಗೆ ಬ್ಯಾಟರಿಯೂ ತುಂಬಿರುತ್ತದೆ, ಚಾಲಕನ ದಣಿವೂ ಆರಿರುತ್ತದೆ.