ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತೈದು: ವಿಮೆಯಿಂದ ಹೊರಬೀಳುವ ಮಕ್ಕಳು ಮತ್ತು ಹಲ್ಲಿನ ಚಿಕಿತ್ಸೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಬರುವ ಅರ್ಜಿಗಳ ಜೊತೆ ನಾವು ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಕೇಳುತ್ತೇವೆ. ಈ ಯಾವ ಕಾಗದದಲ್ಲೂ ಕಾಣದ ಒಂದು ಖರ್ಚು, ಪೋಷಕರು ಎದುರಿಗೆ ಕುಳಿತು ಮಾತನಾಡುವಾಗ ಮಾತ್ರ ಹೊರಗೆ ಬರುತ್ತದೆ. ಅದು ಹಲ್ಲಿನ ಖರ್ಚು. ಎರಡನೇ ಕಂತಿನ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಮಗನ ಬುದ್ಧಿಹಲ್ಲು ಕೀಳಿಸಲು ಹೋಯಿತು ಎಂದು ತಂದೆಯೊಬ್ಬರು ಹೇಳಿದರು. ಅವರಿಗೆ ಕಾರ್ಖಾನೆಯ ವಿಮೆ ಇತ್ತು. ಆದರೆ ಮಗನಿಗೆ 21 ವರ್ಷ ತುಂಬಿ ಎರಡು ತಿಂಗಳಾಗಿತ್ತು. ಹೀಗೆ ವಯಸ್ಸು ಮೀರಿದ ಮೇಲೆ ವಿಷಯ ತಿಳಿಯುವ ಕುಟುಂಬಗಳು ಒಂದೆರಡಲ್ಲ. ಆದ್ದರಿಂದ ಈ ವರ್ಷದ ವರದಿಯಲ್ಲಿ ಇದನ್ನು ಬಿಡಿಸಿ ಹೇಳುವುದು ಒಳ್ಳೆಯದೆಂದು ನಮಗೆ ತೋಚಿತು.

ಮೂರು ವಯಸ್ಸು, ಮೂರು ಬಾಗಿಲು

ಮೊದಲನೆಯದು 18. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಇದರ ವೈದ್ಯ ತಂಡ ಅಂಗನವಾಡಿಗಳಿಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಪರೀಕ್ಷಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ತೊಂದರೆ ಕಂಡರೆ ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ, ಚಿಕಿತ್ಸೆ ಉಚಿತ. ಆ ಚೀಟಿ ಎಷ್ಟೋ ಮನೆಗಳಲ್ಲಿ ಪುಸ್ತಕದ ನಡುವೆಯೇ ಉಳಿದುಬಿಡುತ್ತದೆ. ಮಗುವಿಗೆ 18 ದಾಟಿದ ಮೇಲೆ ಅದು ಕೆಲಸಕ್ಕೆ ಬಾರದು.

ಎರಡನೆಯದು 21. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರಿಗೆ ಇಎಸ್‌ಐ ಅನ್ವಯಿಸುತ್ತದೆ. ಕಾರ್ಖಾನೆಗಳಲ್ಲಿ, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ನಮ್ಮ ಭಾಗದ ಅನೇಕರು ಇದರಲ್ಲಿದ್ದಾರೆ. ಆಸ್ಪತ್ರೆಗೆ ದಾಖಲಾಗದೆಯೇ ಹಲ್ಲು ತೋರಿಸಿಕೊಳ್ಳಲು ಅವಕಾಶವಿರುವುದು ಇದರ ದೊಡ್ಡ ಅನುಕೂಲ. ಆದರೆ ಓದುತ್ತಿರುವ ಮಗನಿಗೆ ಈ ಸೌಲಭ್ಯ 21 ವರ್ಷ ತುಂಬುವವರೆಗೆ ಮಾತ್ರ. ತಂದೆ ಅಥವಾ ತಾಯಿಯ ಆಶ್ರಯದಲ್ಲಿರುವ ಮಗಳಿಗೆ ಮದುವೆಯಾಗುವವರೆಗೂ ಇದೆ. ಮಗಳಿಗೂ 21ಕ್ಕೆ ಮುಗಿಯಿತೆಂದು ತಿಳಿದು ಕೆಲವರು ಸುಮ್ಮನಿರುತ್ತಾರೆ. ಹಾಗೆ ಬಿಡಬೇಡಿ.

ಮೂರನೆಯದು 25. ಕುಟುಂಬಕ್ಕೆಲ್ಲ ಒಂದೇ ಪಾಲಿಸಿ ಮಾಡಿಸಿದವರಲ್ಲಿ ಮಕ್ಕಳನ್ನು ಸಾಮಾನ್ಯವಾಗಿ 25 ವರ್ಷದವರೆಗೆ ಸೇರಿಸಿಕೊಳ್ಳುತ್ತಾರೆ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಬೇಕೆಂದು 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಇದೇ ಮಿತಿ. ಅದರಲ್ಲಿ ಇನ್ನೊಂದು ಮಾತಿದೆ: 18 ದಾಟಿದ ಮಗ ಅಥವಾ ಮಗಳು ಸ್ವಂತ ಸಂಪಾದನೆಯ ಮೇಲೆ ನಿಂತರೆ, ಮುಂದಿನ ನವೀಕರಣದಲ್ಲಿ ಅವರ ಹೆಸರು ಮುಂದುವರಿಯುವುದಿಲ್ಲ.

ಬುದ್ಧಿಹಲ್ಲು ಸಾಮಾನ್ಯವಾಗಿ ಹುಟ್ಟುವುದು 17ರಿಂದ 25ರ ನಡುವೆ. ಅಂದರೆ ಹಲ್ಲಿನ ತೊಂದರೆ ಹೊಸದಾಗಿ ಶುರುವಾಗುವ ವಯಸ್ಸೂ ವಿಮೆಯ ಬಾಗಿಲುಗಳು ಮುಚ್ಚುವ ವಯಸ್ಸೂ ಒಂದೇ. ಡಿಪ್ಲೊಮಾ, ಪದವಿ, ಬಿ.ಇಡಿ. ಓದುವ ವಯಸ್ಸೂ ಅದೇ. ಬೇರೆ ದೇಶಗಳಲ್ಲೂ ಇಂಥ ಗಡಿಗಳಿವೆ. ಅಮೆರಿಕದಲ್ಲಿ ತಂದೆತಾಯಿಯ ಆರೋಗ್ಯ ವಿಮೆ 26ಕ್ಕೆ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ಉಚಿತ ದಂತ ಚಿಕಿತ್ಸೆ 18ರವರೆಗೆ, ಪೂರ್ಣಾವಧಿ ಓದುತ್ತಿದ್ದರೆ 19ರವರೆಗೆ.

ಪಾಲಿಸಿ ಇದ್ದರೂ ಹಲ್ಲು ಹೊರಗೆ

ಇನ್ನೊಂದು ವಿಷಯವನ್ನು ಪೋಷಕರು ಸ್ಪಷ್ಟವಾಗಿ ತಿಳಿಯಬೇಕು. ನಮ್ಮ ದೇಶದ ಬಹುಪಾಲು ಆರೋಗ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವವು. ಹುಳುಕು ತುಂಬಿಸುವುದು, ರೂಟ್ ಕೆನಾಲ್, ಹಲ್ಲು ಸ್ವಚ್ಛ ಮಾಡಿಸುವುದು, ತಂತಿ ಹಾಕಿಸುವುದು, ಇವೆಲ್ಲ ಕುರ್ಚಿಯ ಮೇಲೆ ಕೂರಿಸಿ ಮಾಡಿ ಮನೆಗೆ ಕಳಿಸುವ ಚಿಕಿತ್ಸೆಗಳು. ಇವು ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರುವುದಿಲ್ಲ. ಬೈಕಿನಿಂದ ಬಿದ್ದು ದವಡೆ ಮುರಿದು ದಾಖಲಾದರೆ ಬರುತ್ತದೆ. ಅಂಥ ಸಂದರ್ಭದಲ್ಲಿ ಆಸ್ಪತ್ರೆಯ ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಯಾವುದನ್ನೂ ಕಳೆಯಬೇಡಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ವಯಸ್ಸಿನ ಮಿತಿ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಮಗ ಹಾಸ್ಟೆಲಿಗೆ ಹೋದನೆಂದು ಪಡಿತರ ಚೀಟಿಯಿಂದ ಅವನ ಹೆಸರು ತೆಗೆಸಿದರೆ ಈ ಆಸರೆಯೂ ತಪ್ಪುತ್ತದೆ. ಇದು ಮುಖ್ಯವಾಗಿ ದೊಡ್ಡ ಕಾಯಿಲೆಗಳಿಗೆ, ಶಸ್ತ್ರಚಿಕಿತ್ಸೆಗೆ ಇರುವ ಯೋಜನೆ. ಒಂದು ಹುಳುಕು ಹಲ್ಲಿಗೆ ಇದನ್ನೇ ನಂಬಿ ಕೂರಲಾಗದು. ದಂತ ಭಾಗ್ಯ ಯೋಜನೆಯ ಹೆಸರನ್ನೂ ಕೆಲವರು ಹೇಳುತ್ತಾರೆ. ಅದು ಹಲ್ಲು ಬಿದ್ದುಹೋದ ಬಿಪಿಎಲ್ ಹಿರಿಯರಿಗೆ ಕಟ್ಟುಹಲ್ಲು ಕೊಡುವ ಯೋಜನೆ, ಯುವಕರಿಗಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರಿಗಾಗಿ ವಿಚಾರಿಸಿ.

ಏನು ಮಾಡಬಹುದು

ಮೊದಲ ಕೆಲಸ, ಹುಟ್ಟಿದ ದಿನಕ್ಕೆ ಆರು ತಿಂಗಳು ಮುಂಚೆ ಹಲ್ಲು ತೋರಿಸುವುದು. 18 ಅಥವಾ 21 ಹತ್ತಿರ ಬಂದ ಮಗುವನ್ನು, ನೋವಿಲ್ಲದಿದ್ದರೂ, ಒಮ್ಮೆ ದಂತವೈದ್ಯರ ಬಳಿ ಕರೆದೊಯ್ಯಿರಿ. ಬುದ್ಧಿಹಲ್ಲು ಅಡ್ಡ ಬೆಳೆಯುತ್ತಿದೆಯೇ ಎಂಬುದು ಒಂದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಇಂದು ತುಂಬಿಸಿದರೆ ಮುಗಿಯುವ ಹುಳುಕು, ಬಿಟ್ಟರೆ ನರಕ್ಕೆ ಇಳಿದು ರೂಟ್ ಕೆನಾಲ್ ಆಗುತ್ತದೆ. ಅದನ್ನೂ ಬಿಟ್ಟರೆ ಹಲ್ಲೇ ಹೋಗುತ್ತದೆ. ಪ್ರತಿ ಹಂತದಲ್ಲೂ ಖರ್ಚು ಏರುತ್ತದೆ.

ಎರಡನೆಯದು, ಪಾಲಿಸಿಯನ್ನು ತುಂಡಾಗಲು ಬಿಡದಿರುವುದು. 25 ತುಂಬುವ ಮಗ ಅಥವಾ ಮಗಳ ಹೆಸರಿನಲ್ಲಿ ಅದೇ ಕಂಪನಿಯಿಂದ ಬೇರೆ ಪಾಲಿಸಿ ಮಾಡಿಸುವುದಾದರೆ, ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವಂತೆ ಬರಹದಲ್ಲಿ ಕೇಳಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಹಳೆಯ ವರ್ಷಗಳು ಲೆಕ್ಕಕ್ಕೆ ಬಂದರೆ ಮತ್ತೆ ಮೊದಲಿನಿಂದ ಕಾಯಬೇಕಾಗಿಲ್ಲ. ನವೀಕರಣದ ದಿನಕ್ಕೆ ಎರಡು ತಿಂಗಳು ಇರುವಾಗಲೇ ಅರ್ಜಿ ಕೊಡುವುದು ಲೇಸು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಏಜೆಂಟರು ಹೇಳುವ ಮೊತ್ತವನ್ನು ಇದನ್ನು ನೆನಪಿಟ್ಟು ನೋಡಿ. ಪಾಲಿಸಿ ಕೈಗೆ ಬಂದ ಮೇಲೆ ಓದಿ ಒಪ್ಪದಿದ್ದರೆ ಹಿಂದಿರುಗಿಸಲು 30 ದಿನ ಇರುತ್ತದೆ.

ಮೂರನೆಯದು, ಕೆಲಸ ಸಿಕ್ಕ ಮಕ್ಕಳು ಮೊದಲ ದಿನವೇ ತಮ್ಮ ಇಎಸ್‌ಐ ಸಂಖ್ಯೆ ಕೇಳಿ ಪಡೆಯುವುದು. ತಂದೆಯ ಕಾರ್ಡಿನಿಂದ ಹೊರಬಿದ್ದ ಮಗ ತನ್ನ ಕಾರ್ಡಿನಿಂದ ಮತ್ತೆ ಒಳಗೆ ಬರಬಹುದು. ಕಾರ್ಮಿಕನ ಸಂಬಳದಿಂದ ಕಡಿತವಾಗುವುದು ಶೇಕಡಾ 0.75 ಮಾತ್ರ.

ನಾಲ್ಕನೆಯದು, ಯಾವ ವಿಮೆಯೂ ಇಲ್ಲದವರು ಖಾಸಗಿ ಕ್ಲಿನಿಕ್ಕಿಗೆ ಸಾಲ ಮಾಡುವ ಮೊದಲು ಸರ್ಕಾರಿ ಆಸ್ಪತ್ರೆ ಮತ್ತು ದಂತ ಕಾಲೇಜುಗಳನ್ನು ನೋಡುವುದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಯಾವ ದಿನ ಇರುತ್ತಾರೆಂದು ಕೇಳಿಕೊಂಡು ಹೋಗಿ. ದೊಡ್ಡ ಚಿಕಿತ್ಸೆಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಬಳ್ಳಾರಿಯ ಸರ್ಕಾರಿ ದಂತ ಕಾಲೇಜು ಇದೆ. ಹರಪನಹಳ್ಳಿ ಕಡೆಯವರಿಗೆ ದಾವಣಗೆರೆ ಹತ್ತಿರ. ಅಲ್ಲಿ ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಕೊಟ್ಟೂರು, ಹಡಗಲಿಯವರು ಬಸ್ಸಿನ ಅನುಕೂಲ ನೋಡಿ ಆರಿಸಿಕೊಳ್ಳಬಹುದು. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಎರಡು ಮೂರು ಸಲ ಓಡಾಡಬೇಕಾಗುತ್ತದೆ, ಆದರೆ ಖರ್ಚು ಕಡಿಮೆ. ಪರೀಕ್ಷೆಯ ವಾರ ಬಿಟ್ಟು ರಜೆಯಲ್ಲಿ ಹೋಗುವಂತೆ ಮಕ್ಕಳಿಗೆ ಹೇಳಿ.

ನಮ್ಮ ನೀರಿನ ವಿಷಯವೂ ಇಲ್ಲಿ ಬರುತ್ತದೆ. ನಮ್ಮ ಭಾಗದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಚಿಕ್ಕ ವಯಸ್ಸಿನಲ್ಲಿ ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಅದು ಉಜ್ಜಿದರೆ ಹೋಗುವುದಿಲ್ಲ, ಮಕ್ಕಳು ಕೊಳಕರೆಂದು ಅರ್ಥವೂ ಅಲ್ಲ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಪಾಲಿಸಿ ಹಣ ಕೊಡುವುದಿಲ್ಲ. ಆದ್ದರಿಂದ ಮನೆಯ ಚಿಕ್ಕ ಮಕ್ಕಳಿಗೆ ಈಗಿನಿಂದಲೇ ಶುದ್ಧೀಕರಿಸಿದ ಅಥವಾ ನದಿ ಮೂಲದ ನೀರು ಕುಡಿಸುವುದೇ ದಾರಿ.

ಪೋಷಕರಲ್ಲಿ ಮತ್ತು ದಾನಿಗಳಲ್ಲಿ ವಿನಂತಿ

ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಒಂದು ಬಿಳಿ ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಡಿ: ಮಗುವಿನ ಹುಟ್ಟಿದ ದಿನಾಂಕ, ಮನೆಯಲ್ಲಿರುವ ವಿಮೆ ಅಥವಾ ಕಾರ್ಡು, ಅದು ಮಗುವಿಗೆ ಮುಗಿಯುವ ದಿನ. ವಿಮೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಇದರಿಂದ ಆಯ್ಕೆಯಲ್ಲಿ ಯಾರಿಗೂ ಹೆಚ್ಚು ಕಡಿಮೆ ಆಗುವುದಿಲ್ಲ. ದಿನ ಹತ್ತಿರ ಬಂದಾಗ ನಿಮಗೆ ನೆನಪಿಸಲು ನಮಗೆ ಅನುಕೂಲವಾಗುತ್ತದೆ.

ದಾನಿಗಳೇ, ನೀವು ಕೊಟ್ಟ ಹಣ ಪುಸ್ತಕಕ್ಕೂ ಶುಲ್ಕಕ್ಕೂ ಸೇರಬೇಕೆಂಬುದು ನಿಮ್ಮ ಇಚ್ಛೆ, ನಮ್ಮ ಹೊಣೆ. ಬಂಧುಬಳಗದಲ್ಲಿ ದಂತವೈದ್ಯರಿದ್ದರೆ, ನಮ್ಮ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಿಕೊಡಲು ಅವರನ್ನು ಕೇಳಿ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವವರಿದ್ದರೆ, ಒಂದು ಭಾನುವಾರ ಬಂದು ಪೋಷಕರ ಪಾಲಿಸಿಗಳನ್ನು ಓದಿ ಅರ್ಥ ಹೇಳಲಿ. ಅಂಥ ಒಂದು ದಿನದ ನೆರವನ್ನೂ ನಾವು ದೇಣಿಗೆಯೆಂದೇ ಭಾವಿಸಿ ಮುಂದಿನ ವರದಿಯಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇವೆ.